ಯೂರೋಕಪ್ ಗೆದ್ದವರಿಗೆ ಮೇಲಿನ ಸೀಟು: ಒಂದು ವರ್ಷ ಸಾಕಾ?

ಮಲ್ನಾಡ್_ಹೂಪ್ಸ್ (ಚರ್ಚೆ ಶುರು ಮಾಡಿದವರು):

ಅಮೆರಿಕದ ಎನ್‌ಬಿಎ ಬಗ್ಗೆ ಇಲ್ಲಿ ದಿನಾ ಮಾತಾಡ್ತೀವಿ, ಯುರೋಪಿನ ಕ್ಲಬ್‌ಗಳ ಅತಿ ಮೇಲಿನ ಹಂತವಾದ ಯೂರೋಲೀಗ್ ಬಗ್ಗೆ ಆಗೊಮ್ಮೆ ಈಗೊಮ್ಮೆ. ಅದರ ಕೆಳಗಿನ ಯೂರೋಕಪ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಯುರೋಪಿನ ಕ್ಲಬ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ನಾನು ತಪ್ಪದೆ ನೋಡೋದು ಅದೊಂದೇ, ಹಾಗಾಗಿ ನಾನೇ ಶುರು ಮಾಡ್ತೀನಿ.

ಗೊತ್ತಿಲ್ಲದವರಿಗೆ ಚುಟುಕಾಗಿ: 2002ರಲ್ಲಿ ಯುಲೆಬ್ ಕಪ್ ಅಂತ ಹುಟ್ಟಿತು, 2008ರಿಂದ ಯೂರೋಕಪ್ ಅಂತ ಕರೀತಾರೆ. ಮೊದಲ ಕಪ್ ಎತ್ತಿದ್ದು ಸ್ಪೇನಿನ ವಲೆನ್ಸಿಯಾ. ಅತಿ ಹೆಚ್ಚು ಸಲ ಗೆದ್ದವರೂ ಅವರೇ: 2003, 2010, 2014, 2019. ಈಗಿನ ಪದ್ಧತಿಯಲ್ಲಿ 20 ತಂಡ, ಹತ್ತು ಹತ್ತರ ಎರಡು ಗುಂಪು. ಗುಂಪಿನಲ್ಲೇ ಪ್ರತಿ ತಂಡಕ್ಕೆ 18 ಪಂದ್ಯ, ಆಮೇಲೆ ನಾಕ್‌ಔಟ್. ಗೆದ್ದವರಿಗೆ ಮುಂದಿನ ಋತುವಿಗೆ ಯೂರೋಲೀಗ್‌ನಲ್ಲಿ ಒಂದು ಸೀಟು.

ನನ್ನ ತಲೆ ಕೊರೆಯುತ್ತಿರೋದು ಆ ಸೀಟೇ. 2021ರಲ್ಲಿ ಮೊನಾಕೊ ಗೆದ್ದು ಮೇಲೆ ಹೋಯ್ತು. ಮೊದಲ ವರ್ಷವೇ ಪ್ಲೇಆಫ್ ಮುಟ್ಟಿ ಐದು ಪಂದ್ಯಗಳ ಸರಣಿಯಲ್ಲಿ ಗ್ರೀಸಿನ ಒಲಿಂಪಿಯಾಕೋಸ್ ತಂಡವನ್ನು ಕೊನೆಯ ಪಂದ್ಯದವರೆಗೆ ಎಳೀತು. 2023ರಲ್ಲಿ ಫೈನಲ್ ಫೋರ್ (ಕೊನೆಯ ನಾಲ್ಕು ತಂಡ), 2025ರಲ್ಲಿ ಫೈನಲ್ಲೇ ಆಡಿ ಫೆನರ್‌ಬಾಚೆ ಎದುರು 81–70ರಲ್ಲಿ ಸೋತಿತು. ಅದೇ 2023ರಲ್ಲಿ ಸ್ಪೇನಿನ ಗ್ರಾನ್ ಕನಾರಿಯಾ ಯೂರೋಕಪ್ ಗೆದ್ದಿತು, ಸ್ವಂತ ಊರಿನಲ್ಲಿ, ತುರ್ಕ್ ಟೆಲಿಕಾಮ್ ಎದುರು 71–67. ಗೆದ್ದ ಮೇಲೆ ಸೀಟು ಬೇಡ ಅಂತ ಹೇಳಿ ಯೂರೋಕಪ್‌ನಲ್ಲೇ ಉಳಿದುಕೊಂಡಿತು!

ಒಬ್ಬರಿಗೆ ಅದೇ ಸೀಟು ಏಣಿ, ಇನ್ನೊಬ್ಬರಿಗೆ ಹೊರೆ. ಇದು ಕ್ಲಬ್‌ಗಳ ಧೈರ್ಯದ ಪ್ರಶ್ನೆಯಾ, ಅಥವಾ ಆ ಸೀಟು ಕೊಡುವ ರೀತಿಯಲ್ಲೇ ದೋಷ ಇದೆಯಾ? ನನ್ನ ಪ್ರಕಾರ ಎರಡನೆಯದು. ನೀವೇನಂತೀರಿ?

ಬರ್ಲಿನ್_ಕನ್ನಡಿಗ:

ಬಹಳ ಒಳ್ಳೆಯ ಪ್ರಶ್ನೆ. ಕೆಲಸದ ಮೇಲೆ ಬರ್ಲಿನ್‌ಗೆ ಬಂದವನು ಆಲ್ಬಾ ಅಭಿಮಾನಿಯಾಗಿಬಿಟ್ಟೆ, ಹಾಗಾಗಿ ಈ ಏಣಿಯ ಎರಡೂ ತುದಿ ನೋಡಿದ್ದೇನೆ.

ಆಲ್ಬಾ ಬರ್ಲಿನ್ ಯೂರೋಕಪ್ ಗೆದ್ದೇ ಇಲ್ಲ. 2010ರ ಫೈನಲ್‌ನಲ್ಲಿ ವಲೆನ್ಸಿಯಾ ನಮ್ಮನ್ನು 67–44ಕ್ಕೆ ಕಟ್ಟಿಹಾಕಿತು. 44! 2019ರಲ್ಲಿ ಮತ್ತೆ ಅದೇ ವಲೆನ್ಸಿಯಾ, ಮೂರು ಪಂದ್ಯಗಳ ಸರಣಿಯಲ್ಲಿ 2–1. ಆದರೂ ಆ ವರ್ಷ ನಾವು ಮೇಲಕ್ಕೆ ಹೋದೆವು. ಆಗ ಕೋಚ್ ಆಗಿದ್ದವರು ಐತೊ ಗಾರ್ಸಿಯಾ ರೆನೆಸೆಸ್, ಎಪ್ಪತ್ತು ದಾಟಿದ್ದವರು. ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. 2008ರಲ್ಲಿ ಈ ಕಪ್ಪನ್ನು ಬದಲೋನಾದ ಹೊವೆಂತುತ್‌ಗೆ ಗೆದ್ದುಕೊಟ್ಟವರು ಅವರೇ. ಫೈನಲ್‌ನಲ್ಲಿ ಜಿರೋನಾ ಮೇಲೆ 79–54. ಆ ತಂಡದಲ್ಲಿ ರೂಡಿ ಫೆರ್ನಾಂಡಿಸ್ ಜೊತೆ 17 ವರ್ಷದ ರಿಕಿ ರೂಬಿಯೊ ಆಡುತ್ತಿದ್ದ. ಅದೇ ವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸ್ಪೇನಿಗೆ ಬೆಳ್ಳಿ ಬಂದಾಗಲೂ ಕೋಚ್ ಐತೊ. 2015ರಲ್ಲಿ ಗ್ರಾನ್ ಕನಾರಿಯಾವನ್ನು ಫೈನಲ್‌ವರೆಗೆ ಒಯ್ದವರು ಅವರು, 2019ರಲ್ಲಿ ಆಲ್ಬಾವನ್ನು ಕೂಡ. ಮೂರು ಕ್ಲಬ್, ಮೂರು ಫೈನಲ್. ಮೂರರಲ್ಲೂ ಹುಡುಗರನ್ನು ಹೆದರದೆ ಅಂಗಳಕ್ಕೆ ಇಳಿಸಿದರು. ಯೂರೋಲೀಗ್‌ನಲ್ಲಿ ಎರಡು ಪಂದ್ಯ ಸೋತರೆ ಕೋಚ್ ಕುರ್ಚಿ ಅಲುಗಾಡುತ್ತದೆ, 18ರ ಹುಡುಗನಿಗೆ ನಿಮಿಷ ಕೊಡುವ ಎದೆ ಅಲ್ಲಿ ಯಾರಿಗೂ ಇರುವುದಿಲ್ಲ. ಎರಡನೇ ಹಂತದಲ್ಲಿ ಅದಕ್ಕೆ ಅವಕಾಶ ಇದೆ.

ಇನ್ನು ಏಣಿಯ ಇನ್ನೊಂದು ತುದಿ. 2019ರಿಂದ 2025ರವರೆಗೆ ಆಲ್ಬಾ ಯೂರೋಲೀಗ್‌ನಲ್ಲಿತ್ತು. ಕೊನೆಯ ಎರಡು ಋತು ಪಟ್ಟಿಯ ತಳದಲ್ಲೇ ಕಳೆಯಿತು. ಬೆಳೆಸಿದ ಹುಡುಗರು ಒಬ್ಬೊಬ್ಬರಾಗಿ ದೊಡ್ಡ ಸಂಬಳಕ್ಕೆ ಹೊರಟರು. ಕಡೆಗೆ ಕ್ಲಬ್ ತಾನಾಗಿಯೇ ಯೂರೋಲೀಗ್ ಬಿಟ್ಟು ಫಿಬಾ, ಅಂದರೆ ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆ, ನಡೆಸುವ ಚಾಂಪಿಯನ್ಸ್ ಲೀಗ್‌ಗೆ ಹೋಯಿತು. ಇಲ್ಲಿನ ಅಭಿಮಾನಿಗಳಲ್ಲಿ ಬೇಸರಪಟ್ಟವರಿಗಿಂತ ನಿಟ್ಟುಸಿರು ಬಿಟ್ಟವರೇ ಹೆಚ್ಚು, ನನ್ನನ್ನೂ ಸೇರಿಸಿ. ವಾರದಲ್ಲಿ ಎರಡು ಸಲ ಸೋಲುವುದನ್ನು ನೋಡಿ ನೋಡಿ ಸಾಕಾಗಿತ್ತು.

ಧಾರವಾಡ_ಡ್ರಿಬಲ್:

ಮಲ್ನಾಡ್ ಸರ, ನೀವು ಹೇಳೂದು ಖರೇ ಅದ. ಆದ್ರ ದಾರುಶ್ಶಫಾಕಾ ಕಥಿ ಯಾರೂ ತಗೀವಲ್ರಿ, ಅದನ್ನ ನಾ ಹೇಳ್ತೀನಿ.

ಇಸ್ತಾಂಬುಲ್‌ನಾಗ ಅನಾಥ ಮಕ್ಕಳ ಓದಿನ ಸಲುವಾಗಿ 1863ರಾಗ ಶುರುವಾದ ಸಂಸ್ಥಾ ಅದು. ಅದರ ಹೆಸರಿನ ಕ್ಲಬ್ಬು. 2018ರಾಗ ಡೇವಿಡ್ ಬ್ಲಾಟ್ ಕೋಚ್, ಸ್ಕಾಟಿ ವಿಲ್ಬೆಕಿನ್ ಗಾರ್ಡ್, ಅಂದ್ರ ಚೆಂಡು ಹಿಡಕೊಂಡು ಆಟ ನಡಸಾಂವ. ಫೈನಲ್‌ನಾಗ ಲೊಕೊಮೊಟಿವ್ ಕುಬಾನ್‌ಗ 2–0 ಹೊಡದ್ರು, ಕಪ್ ತಂದ್ರು. ವಿಲ್ಬೆಕಿನ್‌ಗ ಆ ವರ್ಷದ ಅತ್ಯುತ್ತಮ ಆಟಗಾರ ಅಂತ ಪ್ರಶಸ್ತಿನೂ ಬಂತು.

ಮುಂದ ಏನಾತು? ಬ್ಲಾಟ್ ಒಲಿಂಪಿಯಾಕೋಸ್‌ಗ ಹೋದ್ರು. ವಿಲ್ಬೆಕಿನ್ ಮಕ್ಕಾಬಿ ಟೆಲ್ ಅವೀವ್‌ಗ ಹೋದ. ಸೀಟು ಗೆದ್ದವರು ಸೀಟಿನ ಮ್ಯಾಲ ಕೂಡಲೇ ಇಲ್ರಿ! ಉಳದವರು ಯೂರೋಲೀಗ್‌ನಾಗ 30 ಪಂದ್ಯ ಆಡಿ ಗೆದ್ದಿದ್ದು ಎರಡು. ಎರಡs ಎರಡು. 28 ಸೋಲು.

ಅದಕ್ಕ ನಾ ಅನ್ನೂದು, ಒಂದು ವರ್ಷದ ಸೀಟು ಅಂದ್ರ ಕ್ಲಬ್ಬಿಗೆ ಬಹುಮಾನ ಅಲ್ರಿ. ಅದರ ಲಾಭ ಸಿಗೂದು ಕೋಚಿಗೆ ಮತ್ತ ಆಟಗಾರಗ. ಅವರಿಗೆ ದೊಡ್ಡ ಕ್ಲಬ್ಬಿನ ಬಾಗಿಲಾ ತೆಗೀತದ, ಕ್ಲಬ್ಬು ಅಲ್ಲೇ ಉಳೀತದ.

ಕೋರ್ಟ್‌ಸೈಡ್_ಸುಮಾ:

@ಧಾರವಾಡ_ಡ್ರಿಬಲ್, ನೀವು ಹೇಳಿದ್ದಕ್ಕೆ ಗ್ರಾನ್ ಕನಾರಿಯಾದ ಹಿನ್ನೆಲೆ ಸೇರಿಸಿದರೆ ಚಿತ್ರ ಪೂರ್ತಿಯಾಗುತ್ತೆ. ಅವರು 2023ರಲ್ಲಿ ಬೇಡ ಅಂದಿದ್ದಕ್ಕೆ ಹೇಡಿತನ ಅಂತ ಬರೆದವರು ತುಂಬ ಜನ. ಆದರೆ ಅವರು ಒಮ್ಮೆ ಮೇಲೆ ಹೋಗಿ ಬಂದವರು. 2018–19ರಲ್ಲಿ, ಅಂದರೆ ದಾರುಶ್ಶಫಾಕಾ ನೆಲಕಚ್ಚಿದ ಅದೇ ಋತುವಿನಲ್ಲಿ, ಗ್ರಾನ್ ಕನಾರಿಯಾ ಕೂಡ ಯೂರೋಲೀಗ್‌ನಲ್ಲಿತ್ತು. 8 ಗೆಲುವು, 22 ಸೋಲು. ಸ್ಪೇನಿನ ಲೀಗ್‌ನಲ್ಲೂ ಆ ವರ್ಷ ತಂಡ ಜಾರಿತು.

ಇನ್ನೊಂದು ವಿಷಯ ಇದೆ. ಅದು ದ್ವೀಪದ ಕ್ಲಬ್, ಮಾಲೀಕತ್ವ ಇರೋದು ಆ ದ್ವೀಪದ ಸ್ಥಳೀಯ ಸರಕಾರದ ಕೈಲಿ. ಯಾವ ಪಂದ್ಯಕ್ಕೆ ಹೋಗಬೇಕಾದರೂ ಸಮುದ್ರ ದಾಟಿ ವಿಮಾನ ಹತ್ತಬೇಕು. ಯೂರೋಲೀಗ್‌ನಲ್ಲಿ ಎಷ್ಟೋ ಸಲ ಒಂದೇ ವಾರದಲ್ಲಿ ಎರಡು ಪಂದ್ಯ, ವಾರದ ಕೊನೆಗೆ ಸ್ಪೇನಿನ ಲೀಗ್ ಪಂದ್ಯ. ಅದಕ್ಕೆ ಎರಡು ತಂಡ ಮಾಡುವಷ್ಟು ಆಟಗಾರರು ಬೇಕು. ಖರ್ಚಾಗೋದು ಜನರ ತೆರಿಗೆ ದುಡ್ಡು. ಒಂದೇ ವರ್ಷದ ಸೀಟಿಗಾಗಿ ಅಷ್ಟು ಸುರಿಯಲ್ಲ ಅಂತ ಅವರು ಹೇಳಿದ್ದು ನನಗೆ ಪ್ರಾಮಾಣಿಕವಾಗಿ ಸರಿ ಅನ್ನಿಸಿತು. ಆ ನಿರ್ಧಾರ ಮಾಡಿಯೂ ಅವರು ಕುಗ್ಗಲಿಲ್ಲ, 2025ರಲ್ಲಿ ಮತ್ತೆ ಯೂರೋಕಪ್ ಫೈನಲ್‌ಗೆ ಬಂದರು. ಹಪೋಯೆಲ್ ಟೆಲ್ ಅವೀವ್ ಎದುರು 2–0 ಸೋತರು, ಅದು ಬೇರೆ ಮಾತು.

ಕರಾವಳಿ_ಗಾರ್ಡ್:

ಒಂದು ಮೂಲಭೂತ ತಕರಾರು ಇದೆ. ಯೂರೋಕಪ್ಪೇ ಎರಡನೇ ಹಂತ ಅಂತ ಯಾರು ಹೇಳಿದ್ದು? 2016ರಿಂದ ಫಿಬಾದ ಚಾಂಪಿಯನ್ಸ್ ಲೀಗ್ ಇದೆಯಲ್ಲ ಮಾರಾಯ್ರೆ. ಸ್ಪೇನಿನ ಮಾಲಗಾದ ಉನಿಕಾಹಾ ನೋಡಿ. 2017ರಲ್ಲಿ ಯೂರೋಕಪ್ ಗೆದ್ದವರು, ಮೇಲೂ ಆಡಿದವರು. ಆಮೇಲೆ ಚಾಂಪಿಯನ್ಸ್ ಲೀಗ್ ಕಡೆ ತಿರುಗಿ 2024, 2025 ಎರಡು ವರ್ಷ ಸಾಲಾಗಿ ಗೆದ್ದರು. ಊರಿಡೀ ಹಬ್ಬ ಮಾಡಿದರು. ಯಾರಿಗೂ ಮೇಲೆ ಹೋಗಲಿಲ್ಲ ಎಂಬ ಕೊರಗು ಕಾಣಲಿಲ್ಲ.

ಅಲ್ಲಿ ಆಟವೂ ಕಡಿಮೆ ದರ್ಜೆಯದ್ದಲ್ಲ. ಫಿನ್‌ಲೆಂಡಿನ ತುಓಮಾಸ್ ಈಸಾಲೊ ಕೋಚ್, ಟಿ.ಜೆ. ಶಾರ್ಟ್ಸ್ ಎಂಬ ಚಿಕ್ಕ ಆಳು ಗಾರ್ಡ್. 2023ರಲ್ಲಿ ಇಬ್ಬರೂ ಸೇರಿ ಜರ್ಮನಿಯ ಬಾನ್ ಕ್ಲಬ್ಬಿಗೆ ಚಾಂಪಿಯನ್ಸ್ ಲೀಗ್ ಗೆದ್ದರು. ಮರುವರ್ಷ ಇಬ್ಬರೂ ಪ್ಯಾರಿಸ್ ಬ್ಯಾಸ್ಕೆಟ್‌ಬಾಲ್‌ಗೆ ಹೋಗಿ 2024ರ ಯೂರೋಕಪ್ ಗೆದ್ದರು, ಫೈನಲ್‌ನಲ್ಲಿ ಬೂರ್ಗ್ ಮೇಲೆ 2–0. ಅದೇ ಆಟ, ಅದೇ ಓಟ. ಈಸಾಲೊ ಈಗ ಎನ್‌ಬಿಎಯ ಮೆಂಫಿಸ್ ಗ್ರಿಜ್ಲೀಸ್‌ನ ಮುಖ್ಯ ಕೋಚ್. ಹಾಗಿರುವಾಗ ಒಂದು ಟೂರ್ನಿ ಎರಡನೇ ಹಂತ, ಇನ್ನೊಂದು ಮೂರನೆಯದು ಎಂದು ಗೆರೆ ಎಳೆಯುವುದು ಹೇಗೆ?

ಮಲ್ನಾಡ್_ಹೂಪ್ಸ್:

ಗೆರೆ ಎಳೆಯೋದು ಅದೇ ಸೀಟು. ಚಾಂಪಿಯನ್ಸ್ ಲೀಗ್ ಗೆದ್ದರೆ ಯೂರೋಲೀಗ್‌ಗೆ ದಾರಿ ಇಲ್ಲ, ಯೂರೋಕಪ್ ಗೆದ್ದರೆ ಇದೆ. ನೀವು ಹೇಳಿದ ಪ್ಯಾರಿಸ್ಸನ್ನೇ ತಗೊಳ್ಳಿ. ಆ ಕ್ಲಬ್ ಹುಟ್ಟಿದ್ದು 2018ರಲ್ಲಿ. ಕೋಚ್ ಹೋದರು, ಆದರೆ ಶಾರ್ಟ್ಸ್ ಉಳಿದ. 2024–25ರಲ್ಲಿ ಮೊದಲ ಸಲ ಯೂರೋಲೀಗ್ ಆಡಿ ಪ್ಲೇ-ಇನ್ (ಪ್ಲೇಆಫ್‌ಗೂ ಮುಂಚಿನ ಅರ್ಹತಾ ಸುತ್ತು) ದಾಟಿ ಪ್ಲೇಆಫ್‌ಗೆ ಬಂದರು. ಅಲ್ಲಿ ಫೆನರ್‌ಬಾಚೆ 3–0 ಅಂತ ಮನೆಗೆ ಕಳಿಸಿತು, ಆ ವರ್ಷ ಚಾಂಪಿಯನ್ ಆಗಿದ್ದೂ ಅವರೇ. ಏಳು ವರ್ಷದ ಕ್ಲಬ್ಬಿಗೆ ಅಷ್ಟು ದೂರ ಹೋಗೋಕೆ ದಾರಿ ಮಾಡಿಕೊಟ್ಟಿದ್ದು ಯೂರೋಕಪ್.

ಮಾಲಗಾದವರ ಸಂತೋಷಕ್ಕೆ ನನ್ನ ಆಕ್ಷೇಪ ಖಂಡಿತ ಇಲ್ಲ.

ಪಿಟಿ_ಮೇಷ್ಟ್ರು:

ಮಕ್ಕಳೇ, ಎಲ್ಲರೂ 2002ರಿಂದಲೇ ಲೆಕ್ಕ ಹಾಕುತ್ತಿದ್ದೀರಿ. ಎರಡನೇ ಹಂತದ ಕಪ್ಪಿಗೆ ಅದಕ್ಕೂ 35 ವರ್ಷ ಹಿಂದಿನ ಚರಿತ್ರೆ ಇದೆ, ಆ ಚರಿತ್ರೆ ತಿಳಿದರೆ ಈ ಸೀಟಿನ ಗೊಂದಲ ಎಲ್ಲಿಂದ ಬಂತು ಎಂದೂ ತಿಳಿಯುತ್ತದೆ.

1966–67ರಲ್ಲಿ ಫಿಬಾ ಕಪ್ ವಿಜೇತರ ಕಪ್ ಆರಂಭಿಸಿತು. ಆಯಾ ದೇಶದ ಲೀಗ್ ಗೆದ್ದವರು ಆಗಿನ ಮೇಲಿನ ಹಂತವಾದ ಚಾಂಪಿಯನ್ಸ್ ಕಪ್ ಆಡಬೇಕು, ದೇಶದ ಕಪ್ ಗೆದ್ದವರು ಇದನ್ನು. ಮೊದಲ ವರ್ಷ ಇಟಲಿಯ ವಾರೆಸೆ ಗೆದ್ದಿತು. ಎರಡನೇ ವರ್ಷದ ಫೈನಲ್ ನಡೆದದ್ದು 1968ರ ಏಪ್ರಿಲ್ 4ರಂದು, ಅಥೆನ್ಸ್‌ನ ಅಮೃತಶಿಲೆಯ ಕ್ರೀಡಾಂಗಣದಲ್ಲಿ. 1896ರ ಮೊದಲ ಒಲಿಂಪಿಕ್ಸ್ ನಡೆದ ಜಾಗ ಅದು, ಮೇಲೆ ಸೂರಿಲ್ಲ, ಬಯಲು. ಎಇಕೆ ಅಥೆನ್ಸ್ ಮತ್ತು ಸ್ಲಾವಿಯಾ ಪ್ರಾಗ್. ಸುಮಾರು 80,000 ಜನ. ಎಇಕೆ 89–82ರಲ್ಲಿ ಗೆದ್ದಿತು. ಗ್ರೀಸಿನ ಬ್ಯಾಸ್ಕೆಟ್‌ಬಾಲ್ ತಂಡವೊಂದಕ್ಕೆ ಸಿಕ್ಕ ಮೊದಲ ಯುರೋಪಿಯನ್ ಕಪ್. ಗ್ರೀಸಿನ ಇವತ್ತಿನ ಬ್ಯಾಸ್ಕೆಟ್‌ಬಾಲ್ ಹುಚ್ಚಿನ ಬೇರು ಆ ರಾತ್ರಿಯಲ್ಲಿದೆ ಎಂದೇ ನಾನು ನಂಬಿದ್ದೇನೆ. ಅದು ಎರಡನೇ ಹಂತದ ಪಂದ್ಯ ಎಂಬುದನ್ನು ಗಮನಿಸಿ.

ಇನ್ನೊಂದು ಫೈನಲ್ 1989ರದ್ದು, ಅದೂ ಅಥೆನ್ಸ್‌ನಲ್ಲೇ. ರಿಯಲ್ ಮ್ಯಾಡ್ರಿಡ್ ಮತ್ತು ಇಟಲಿಯ ಕಸೆರ್ಟಾ. ಒಂದು ಕಡೆ ದ್ರಾಜೆನ್ ಪೆತ್ರೊವಿಚ್, ಇನ್ನೊಂದು ಕಡೆ ಬ್ರೆಜಿಲ್‌ನ ಆಸ್ಕರ್ ಶ್ಮಿಟ್. ಹೆಚ್ಚುವರಿ ಅವಧಿಗೆ ಹೋದ ಪಂದ್ಯ 117–113ರಲ್ಲಿ ಮ್ಯಾಡ್ರಿಡ್ ಪಾಲಾಯಿತು. ಪೆತ್ರೊವಿಚ್ 62, ಆಸ್ಕರ್ 44. ನನ್ನ ಹತ್ತಿರ ಶೂಟಿಂಗ್ ಕಲಿಯಲು ಬರುವ ಪ್ರತಿ ಹುಡುಗ ಹುಡುಗಿಗೂ ಆ ಪಂದ್ಯ ತೋರಿಸುತ್ತೇನೆ. ಪೆತ್ರೊವಿಚ್ ಚೆಂಡು ಹಿಡಿಯುವ ಮೊದಲೇ ಕಾಲು ಹೇಗೆ ತಿರುಗಿಸಿಕೊಂಡಿರುತ್ತಾನೆ ನೋಡಿ, ಬಾಕಿಯದ್ದು ಆಮೇಲೆ ಎನ್ನುತ್ತೇನೆ.

ಆ ಕಪ್ಪಿಗೆ ಕೊನೆಯಲ್ಲಿ ಬಂದ ಹೆಸರು ಸಪೋರ್ತಾ ಕಪ್, ರಿಯಲ್ ಮ್ಯಾಡ್ರಿಡ್‌ನ ಆಡಳಿತಗಾರ ರೈಮುಂಡೊ ಸಪೋರ್ತಾ ನೆನಪಿಗೆ. 2000ದಲ್ಲಿ ದೊಡ್ಡ ಕ್ಲಬ್‌ಗಳು ಯುರೋಪಿನ ಲೀಗ್‌ಗಳ ಒಕ್ಕೂಟವಾದ ಯುಲೆಬ್ ಜೊತೆ ಸೇರಿ ಫಿಬಾದಿಂದ ಸಿಡಿದವು. 2000–01ರಲ್ಲಿ ಯುರೋಪಿಗೆ ಇಬ್ಬರು ಚಾಂಪಿಯನ್: ಫಿಬಾದ ಸುಪ್ರೊಲೀಗ್‌ನಲ್ಲಿ ಮಕ್ಕಾಬಿ, ಹೊಸ ಯೂರೋಲೀಗ್‌ನಲ್ಲಿ ವಿರ್ಟಸ್ ಬೊಲೊನ್ಯಾ. ಮರುವರ್ಷ ಮೇಲಿನ ಹಂತ ಮತ್ತೆ ಒಂದಾಯಿತು. 2002ರಲ್ಲಿ ಸಪೋರ್ತಾ ಕಪ್ ನಿಂತುಹೋಯಿತು, ಅದೇ ವರ್ಷ ಯುಲೆಬ್ ಕಪ್ ಹುಟ್ಟಿತು.

ಹಳೆಯ ಪದ್ಧತಿಯಲ್ಲಿ ಎರಡನೇ ಕಪ್ ಗೆದ್ದವರಿಗೆ ಮೇಲಿನ ಸೀಟನ್ನು ಯಾರೂ ದಾನವಾಗಿ ಕೊಡುತ್ತಿರಲಿಲ್ಲ. ದೇಶದ ಲೀಗ್‌ನಲ್ಲಿ ಚೆನ್ನಾಗಿ ಆಡಿ ಮೇಲೆ ಹೋಗಬೇಕಿತ್ತು. ಲಿಥುವೇನಿಯಾದ ಜಾಲ್ಗಿರಿಸ್ ಕೌನಸ್ 1998ರಲ್ಲಿ ಎರಡನೇ ಕಪ್ ಗೆದ್ದಿತು, 1999ರಲ್ಲಿ ಯೂರೋಲೀಗನ್ನೇ ಗೆದ್ದಿತು. ದಾರಿ ಊರಿನಿಂದಲೇ ಶುರುವಾಗುತ್ತಿತ್ತು. ಅದನ್ನು ಮುಚ್ಚಿದ್ದರಿಂದಲೇ ಈಗ ಒಂದು ಸೀಟಿನ ಮೇಲೆ ಇಷ್ಟು ಭಾರ ಬಿದ್ದಿದೆ.

ಕೋರ್ಟ್‌ಸೈಡ್_ಸುಮಾ:

ಮೇಷ್ಟ್ರೇ, ಕೊನೆಯ ಪ್ಯಾರಾ ಓದಿ ಚಪ್ಪಾಳೆ ಹೊಡೆಯಬೇಕು ಅನ್ನಿಸಿತು. 2016ರಲ್ಲಿ ಆಗಿದ್ದೂ ಅದೇ. ಅಲ್ಲಿಯವರೆಗೆ ಯೂರೋಲೀಗ್‌ನಲ್ಲಿ 24 ತಂಡ ಇದ್ದವು, ಗುಂಪು ಹಂತದಲ್ಲಿ ಸೋತವರು ಋತುವಿನ ಮಧ್ಯೆಯೇ ಯೂರೋಕಪ್‌ಗೆ ಇಳಿಯುತ್ತಿದ್ದರು. ಮೇಲೆ ಕೆಳಗೆ ಓಡಾಟ ಇತ್ತು. 2016ರಲ್ಲಿ 16ಕ್ಕೆ ಇಳಿಸಿದರು, ಅದರಲ್ಲಿ 11 ಕ್ಲಬ್‌ಗೆ ಹತ್ತು ವರ್ಷದ ಲೈಸೆನ್ಸ್. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಉಳಿದ ಐದು ಜಾಗಕ್ಕೆ ಇಡೀ ಯುರೋಪ್ ಗುದ್ದಾಡಬೇಕು. ಈಗ ಸಂಖ್ಯೆ 20ಕ್ಕೆ ಏರಿದೆ, ಆದರೆ ಹೆಚ್ಚಿದ ಸೀಟುಗಳೆಲ್ಲ ಆಟದಿಂದ ತುಂಬಿದವಲ್ಲ. ದುಬೈ ಕ್ಲಬ್ 2023ರಲ್ಲಿ ಹುಟ್ಟಿ 2025ರಲ್ಲಿ ಯೂರೋಕಪ್‌ನ ಒಂದು ಪಂದ್ಯವನ್ನೂ ಆಡದೆ ನೇರ ಒಳಗೆ ಬಂತು, ಅದೂ ಐದು ವರ್ಷದ ಒಪ್ಪಂದದ ಮೇಲೆ. ಗೆದ್ದು ಬಂದವರಿಗೆ ಒಂದು ವರ್ಷ, ಕರೆದು ಕೂರಿಸಿದವರಿಗೆ ಐದು ವರ್ಷ. ಇದು ನನಗೆ ಸಹಿಸೋಕೆ ಆಗ್ತಿಲ್ಲ.

ಬರ್ಲಿನ್_ಕನ್ನಡಿಗ:

ಸಹಿಸಬೇಕಾಗಿಯೂ ಇಲ್ಲ. ಆದರೆ ಯೂರೋಲೀಗ್ ಕಡೆಯ ವಾದವನ್ನೂ ನ್ಯಾಯವಾಗಿ ಇಡಬೇಕು. ಹತ್ತು ವರ್ಷದ ಭರವಸೆ ಇದ್ದರೆ ಮಾತ್ರ ಕ್ಲಬ್ ಹೊಸ ಕ್ರೀಡಾಂಗಣ ಕಟ್ಟುತ್ತದೆ, ಟಿವಿಯವರು ಹಣ ಹಾಕುತ್ತಾರೆ ಎಂಬುದು ಅವರ ಲೆಕ್ಕ. ಪೂರ್ತಿ ಸುಳ್ಳಲ್ಲ.

ಆದರೆ ವಲೆನ್ಸಿಯಾ ಅದಕ್ಕೆ ಉತ್ತರ ಕೊಟ್ಟಿದೆ. ಅವರಿಗೆ ಅಂಥ ಲೈಸೆನ್ಸ್ ಇರಲಿಲ್ಲ. 2010ರಲ್ಲಿ ಯೂರೋಕಪ್ ಗೆದ್ದು ಮೇಲೆ ಹೋಗಿ, ಕ್ವಾರ್ಟರ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 3–2ರಲ್ಲಿ ಸೋತರು. ಇಳಿದರು. 2014ರಲ್ಲಿ ಮತ್ತೆ ಗೆದ್ದು ಹೋದರು, ಇಳಿದರು. 2017ರ ಯೂರೋಕಪ್ ಫೈನಲ್‌ನ ಮೂರನೇ ಪಂದ್ಯವನ್ನು ಮನೆಯಂಗಳದಲ್ಲೇ ಉನಿಕಾಹಾಗೆ ಕಳೆದುಕೊಂಡರು. ಅದಾಗಿ ಕೆಲವೇ ವಾರಗಳಲ್ಲಿ ಅದೇ ತಂಡ ಸ್ಪೇನಿನ ಲೀಗ್ ಗೆದ್ದಿತು, ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ಡನ್ನು ಸೋಲಿಸಿ. ಕ್ಲಬ್ಬಿನ ಮೊದಲ ಲೀಗ್ ಪಟ್ಟ. 2019ರಲ್ಲಿ ನಮ್ಮನ್ನು ಸೋಲಿಸಿ ಮತ್ತೆ ಹೋದರು. 2025ರಲ್ಲಿ 15,000ಕ್ಕೂ ಹೆಚ್ಚು ಜನ ಕೂರುವ ರೋಯಿಗ್ ಅರೆನಾ ತೆರೆದಿದ್ದಾರೆ. ಕಟ್ಟುವ ಮನಸ್ಸಿದ್ದ ಮಾಲೀಕ ಇದ್ದರೆ ಇಳಿಯುವ ಭಯದ ನಡುವೆಯೂ ಕಟ್ಟಬಹುದು.

ಧಾರವಾಡ_ಡ್ರಿಬಲ್:

ಆ ಮಾಲಕ ಯಾರು ಅಂತನೂ ಹೇಳ್ರಿ. ಹುವಾನ್ ರೋಯಿಗ್, ಮೆರ್ಕಡೋನಾ ಅನ್ನೂ ಸೂಪರ್ ಮಾರ್ಕೆಟ್ ಜಾಲದ ಧಣಿ. ಎಲ್ಲಾ ಊರಿಗೂ ಅಂಥ ಧಣಿ ಸಿಗಾಂಗಿಲ್ಲ. ದಾರುಶ್ಶಫಾಕಾಕ್ಕ ಸಿಗಲಿಲ್ಲ.

ಕರಾವಳಿ_ಗಾರ್ಡ್:

ಸೀಟಿನ ಮಾತು ಸಾಕು, ಆಟದ ಮಾತೂ ಸ್ವಲ್ಪ ಇರಲಿ. 2022ರ ಬುರ್ಸಾಸ್ಪೋರ್ ಓಟ ಯಾರಿಗೆ ನೆನಪಿದೆ? ಆ ವರ್ಷ ನಾಕ್‌ಔಟ್ ಎಲ್ಲವೂ ಒಂದೇ ಪಂದ್ಯ. ಹೇಗೋ ಗುಂಪು ದಾಟಿ ಬಂದ ತಂಡ ಬೆಲ್‌ಗ್ರೇಡಿಗೆ ಹೋಗಿ ಪಾರ್ಟಿಜಾನ್ ತಂಡವನ್ನು ಅವರ ಜನರ ಎದುರೇ ಸೋಲಿಸಿತು. ಆಮೇಲೆ ಸೆಡೆವಿಟಾ ಒಲಿಂಪಿಯಾ, ಆಮೇಲೆ ಅಂಡೊರಾ. ಕೋಚ್ ದುಶಾನ್ ಅಲಿಂಪಿಯೆವಿಚ್. ಫೈನಲ್‌ನಲ್ಲಿ ಬೊಲೊನ್ಯಾಕ್ಕೆ ಹೋಗಿ ವಿರ್ಟಸ್ ಎದುರು 80–67 ಸೋತರು.

ವಿರ್ಟಸ್ ಕಥೆಯೂ ಅಷ್ಟೇ ದೊಡ್ಡದು. 2001ರಲ್ಲಿ ಅರ್ಜೆಂಟೀನಾದ ಆಟಗಾರ ಜಿನೋಬಿಲಿ ಇದ್ದಾಗ ಯುರೋಪಿನ ಚಾಂಪಿಯನ್, 2003ರಲ್ಲಿ ಹಣದ ಮುಗ್ಗಟ್ಟಿನಿಂದ ಇಟಲಿಯ ಮೊದಲ ಲೀಗಿನಿಂದಲೇ ಹೊರಗೆ. ಅಲ್ಲಿಂದ ಎದ್ದು 2019ರಲ್ಲಿ ಚಾಂಪಿಯನ್ಸ್ ಲೀಗ್, 2022ರಲ್ಲಿ ಯೂರೋಕಪ್, ಆಮೇಲೆ ಮತ್ತೆ ಯೂರೋಲೀಗ್. ನಾನು ಚಾಂಪಿಯನ್ಸ್ ಲೀಗ್ ಪರ ಇರುವುದು ಇದಕ್ಕೇ. ಬಿದ್ದವರು ಏಳುವಾಗ ಮೊದಲು ಕಾಲಿಟ್ಟದ್ದು ಅಲ್ಲಿ.

ಪಿಟಿ_ಮೇಷ್ಟ್ರು:

ಕೋಚ್‌ಗಳ ಪಟ್ಟಿಗೆ ಒಂದು ಹೆಸರು ಸೇರಿಸಿ: ರಿಮಾಸ್ ಕುರ್ತಿನಾಯ್ಟಿಸ್. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡದ ಚಿನ್ನದಲ್ಲಿ ಪಾಲಿದ್ದ ಶೂಟರ್. 2009ರ ಯೂರೋಕಪ್ ಫೈನಲ್‌ನಲ್ಲಿ ಲಿಥುವೇನಿಯಾದ ಲಿಯೆತುವೊಸ್ ರೀತಾಸ್ ಕೋಚ್ ಆಗಿ ರಷ್ಯಾದ ಖಿಮ್ಕಿಯನ್ನು 80–74ರಲ್ಲಿ ಸೋಲಿಸಿದರು. ಆಮೇಲೆ ಅದೇ ಖಿಮ್ಕಿಗೆ ಹೋಗಿ 2012 ಮತ್ತು 2015ರಲ್ಲಿ ಕಪ್ ತಂದರು. ಈ ಟೂರ್ನಿಯನ್ನು ಅವರಷ್ಟು ಅರ್ಥ ಮಾಡಿಕೊಂಡ ಕೋಚ್ ಇನ್ನೊಬ್ಬರಿಲ್ಲ.

ಕೋರ್ಟ್‌ಸೈಡ್_ಸುಮಾ:

ಮೇಲಿನ ಹಂತಕ್ಕೆ ಏರಿದವರ ಪಾಡು ಬೆಂಗಳೂರಿನವರಿಗೆ ಕಣ್ಣಾರೆ ಗೊತ್ತಿದೆ. 2017ರ ಜುಲೈನಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ಇಲ್ಲೇ ನಡೆಯಿತು. ಭಾರತ ಆಡಿದ್ದು ಬಿ ವಿಭಾಗದಲ್ಲಿ. ಶ್ರೀ ಕಂಠೀರವ ಒಳಾಂಗಣದ ಫೈನಲ್‌ನಲ್ಲಿ ಕಜಕಸ್ತಾನದ ಮೇಲೆ 75–73, ಎ ವಿಭಾಗಕ್ಕೆ ಬಡ್ತಿ. 2019ರಲ್ಲಿ ಅದೇ ಬೆಂಗಳೂರಿನಲ್ಲಿ ಜಪಾನ್, ಕೊರಿಯಾ ಎದುರು ಆಡಿ ದೊಡ್ಡ ಅಂತರದಲ್ಲಿ ಸೋತರು. ಅದು ದೇಶದ ತಂಡ, ಇದು ಕ್ಲಬ್. ಹಣದ ಲೆಕ್ಕ ಬೇರೆ. ಆದರೆ ಏರಿದ ಮರುಗಳಿಗೆಯೇ ಫಲ ಕೇಳಬಾರದು ಅನ್ನೋದು ಎರಡಕ್ಕೂ ಒಂದೇ. ಜಪಾನ್ ತಂಡದ ವೇಗ ಎದುರಿಗೆ ನಿಂತು ನೋಡದ ಹೊರತು ನಮ್ಮ ಹುಡುಗಿಯರಿಗೆ ಏನು ಕಲಿಯಬೇಕು ಅನ್ನೋದೇ ತಿಳಿಯಲ್ಲ.

ಮಲ್ನಾಡ್_ಹೂಪ್ಸ್:

ಎಲ್ಲರ ಮಾತು ಓದಿದ ಮೇಲೆ ನನ್ನ ಬೇಡಿಕೆ ಇನ್ನೂ ಸ್ಪಷ್ಟವಾಯ್ತು. ಯೂರೋಕಪ್ ಗೆದ್ದವರಿಗೆ ಕನಿಷ್ಠ ಎರಡು ಋತುವಿನ ಸೀಟು ಕೊಡಲಿ. ಎರಡು ವರ್ಷ ಅಂತ ಗೊತ್ತಿದ್ದರೆ ಆಟಗಾರನ ಜೊತೆ ಎರಡು ವರ್ಷದ ಒಪ್ಪಂದ ಮಾಡಬಹುದು. ಪ್ರಾಯೋಜಕರ ಹತ್ತಿರ ಹೋಗಿ ಕೂತು ಮಾತಾಡಬಹುದು. ಗ್ರಾನ್ ಕನಾರಿಯಾದಂಥ ಕ್ಲಬ್ ಆಗಲೂ ಬೇಡ ಅನ್ನಬಹುದು, ಅದು ಅವರ ಹಕ್ಕು.

2021ರಲ್ಲಿ ಫೈನಲ್‌ಗೆ ಬಂದ ಮೊನಾಕೊ, ಉನಿಕ್ಸ್ ಕಜಾನ್ ಎರಡೂ ಮೇಲೆ ಹೋಗಿದ್ದವು. ಆ ಪದ್ಧತಿಯನ್ನೂ ವಾಪಸ್ ತರಬೇಕು.

ಬರ್ಲಿನ್_ಕನ್ನಡಿಗ:

ಎರಡು ಋತುವಿಗೆ ನನ್ನ ಒಪ್ಪಿಗೆ ಇದೆ. ಇಬ್ಬರನ್ನೂ ಕಳಿಸುವುದಕ್ಕೆ ಇಲ್ಲ. ಫೈನಲ್ ಸೋತ ತಂಡಕ್ಕೂ ಸೀಟು ಸಿಕ್ಕರೆ ಫೈನಲ್‌ನ ಬಿಸಿ ಹೋಗುತ್ತದೆ. 2019ರಲ್ಲಿ ಸೋತ ಕಡೆಯವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಧಾರವಾಡ_ಡ್ರಿಬಲ್:

ಎರಡು ವರ್ಷ ಕೊಟ್ರೂ ಬ್ಲಾಟ್‌ನಂಥ ಕೋಚ್ ನಿಲ್ಲಾಂಗಿಲ್ರಿ. ಸೀಟಿನ ಜೋಡಿ ಮೊದಲ ವರ್ಷಕ್ಕ ರೊಕ್ಕಾನೂ ಕೊಡಬೇಕು, ಹಳೇ ತಂಡ ಹಿಡದಿಟ್ಕೊಳ್ಳಾಕ. ಆ ರೊಕ್ಕ ಯೂರೋಲೀಗ್‌ನವರs ತಮ್ಮ ಗಳಿಕಿಯಿಂದ ತಗದು ಕೊಡಬೇಕು, ಯಾಕಂದ್ರ ಬಲ ಇದ್ದ ತಂಡ ಬಂದ್ರ ಛಲೋ ಪಂದ್ಯ ಸಿಗೂದು ಅವರಿಗೇ. ಸುಮಾ ಅಕ್ಕಾರ, ಲೆಕ್ಕಾಚಾರ ನಿಮಗ ಚೊಲೋ ಗೊತ್ತದ, ನೀವು ಏನಂತೀರಿ?

ಕೋರ್ಟ್‌ಸೈಡ್_ಸುಮಾ:

ದುಡ್ಡು ಕೊಡಲಿ, ಆದರೆ ಅದನ್ನು ಗೆದ್ದ ವರ್ಷದ ಆಟಗಾರರ ಸಂಬಳಕ್ಕೆ ಮಾತ್ರ ಬಳಸಬೇಕು ಅಂತ ಷರತ್ತು ಇರಬೇಕು. ಇಲ್ಲದಿದ್ದರೆ ಹೊಸ ಒಬ್ಬ ದೊಡ್ಡ ಹೆಸರಿನ ಆಟಗಾರನಿಗೆ ಅಷ್ಟನ್ನೂ ಸುರಿದು, ಕಪ್ ತಂದ ಹುಡುಗರನ್ನು ಕೈಬಿಡುತ್ತಾರೆ. ಪ್ಯಾರಿಸ್ ನಿಂತಿದ್ದು ಶಾರ್ಟ್ಸ್ ಉಳಿದಿದ್ದಕ್ಕೆ.